ರಕ್ತದಲ್ಲಿ ಬರುವುದು ಏನು, ಬಾರದಿರುವುದು ಏನು

ಕುಡಿತ ಬಿಡಿಸಿ ಎಂದು ಆಸ್ಪತ್ರೆಗೆ ಬರುವ ಮನೆಯವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ‘ಇವರಪ್ಪನೂ ಹೀಗೇ ಇದ್ರು ಡಾಕ್ಟ್ರೇ. ರಕ್ತದಲ್ಲೇ ಬಂದುಬಿಟ್ಟಿದೆ.’ ಹೆಂಡತಿ ಈ ಮಾತನ್ನು ಕೈಚೆಲ್ಲಿ ಹೇಳುತ್ತಾಳೆ. ತಾಯಿ ಹೇಳುವಾಗ ಮಗನನ್ನು ಕಾಪಾಡುವ ಆಸೆ ಇರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಇಬ್ಬರಿಗೂ ಒತ್ತಾಸೆಯಾಗಿ ನಿಲ್ಲುತ್ತದೆ. ಇವತ್ತು ನಾವು ಈ ಮಾತನ್ನೇ ಪರೀಕ್ಷೆಗೆ ಒಡ್ಡೋಣ. ಇದು ಮೂಢನಂಬಿಕೆ ಎಂದು ತಳ್ಳಿಹಾಕಲು ನಾನು ಬಂದಿಲ್ಲ. ಇದರಲ್ಲಿ ನಿಜವಿದೆ. ಆದರೆ ಆ ನಿಜ ನಾವು ಅಂದುಕೊಂಡಲ್ಲಿ ಇಲ್ಲ, ಬೇರೆ ಕಡೆ ಇದೆ.

ಅಪ್ಪ ಕುಡಿಯುತ್ತಾನೆ, ಮಗ ಕುಡಿಯುತ್ತಾನೆ. ಮಗ ಅಪ್ಪನನ್ನು ನೋಡಿ ಕಲಿತನೋ, ಅಪ್ಪನಿಂದ ಪಡೆದುಕೊಂಡೇ ಹುಟ್ಟಿದನೋ? ಇಬ್ಬರೂ ಒಂದೇ ಸೂರಿನಡಿ ಇರುವವರೆಗೆ ಇದನ್ನು ಬಿಡಿಸಿ ಹೇಳಲು ಸಾಧ್ಯವಿಲ್ಲ. ಬಿಡಿಸಬೇಕಾದರೆ ಮಗ ಬೇರೆ ಮನೆಯಲ್ಲಿ ಬೆಳೆದಿರಬೇಕು. ಡೆನ್ಮಾರ್ಕ್‌ನಲ್ಲಿ ದತ್ತು ಹೋದ ಮಕ್ಕಳ ದಾಖಲೆಗಳು ಚೆನ್ನಾಗಿದ್ದವು. ಡೊನಾಲ್ಡ್ ಗುಡ್ವಿನ್ ಎಂಬ ಅಮೆರಿಕದ ಮನೋವೈದ್ಯ ಮತ್ತು ಸಂಗಡಿಗರು ಆ ದಾಖಲೆಗಳನ್ನು ಹಿಡಿದು, ಹುಟ್ಟಿದ ಆರು ವಾರದೊಳಗೇ ಹೆತ್ತವರಿಂದ ಬೇರೆಯಾಗಿ ಪರರ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ಹುಡುಕಿ ಮಾತನಾಡಿಸಿದರು. 1973ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆತ್ತವರಲ್ಲಿ ಒಬ್ಬರು ಕುಡಿತದ ರೋಗಿಯಾಗಿದ್ದ 55 ಜನರಲ್ಲಿ 10 ಮಂದಿ ತಾವೂ ಆ ರೋಗಕ್ಕೆ ಬಿದ್ದಿದ್ದರು. ಅಂಥ ಹಿನ್ನೆಲೆ ಇಲ್ಲದೆ ದತ್ತು ಹೋದ 78 ಜನರಲ್ಲಿ ಬಿದ್ದವರು 4. ಅಂದರೆ ಒಂದು ಕಡೆ ಶೇ. 18, ಇನ್ನೊಂದು ಕಡೆ ಶೇ. 5. ಹೆತ್ತ ತಂದೆಯ ಮುಖವನ್ನೇ ನೋಡದ ಮಗನಿಗೂ ತಂದೆಯಿಂದ ಏನೋ ಬಂದಿದೆ.

ಈ ಅಂಕಿಯನ್ನು ಎಲ್ಲರೂ ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. ದಯವಿಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಓದಿ. 55 ಜನರಲ್ಲಿ 45 ಮಂದಿ ಆ ರೋಗಕ್ಕೆ ಬೀಳಲಿಲ್ಲ. ಕುಡುಕನ ರಕ್ತ ಹಂಚಿಕೊಂಡೇ ಹುಟ್ಟಿ, ಬೀಳದೆ ಉಳಿದವರು ಅವರು. ‘ರಕ್ತದಲ್ಲಿ ಬಂದಿದೆ’ ಎನ್ನುವವರಿಗೆ ಈ 45 ಮಂದಿ ಕಾಣಿಸುವುದೇ ಇಲ್ಲ. ನಿಮ್ಮ ಊರಿನಲ್ಲಿಯೂ ಅಂಥವರು ಇದ್ದಾರೆ. ಅಪ್ಪ ಸಾರಾಯಿ ಕುಡಿದು ಗದ್ದೆ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡು, ತಾನು ಮುಟ್ಟುವುದಿಲ್ಲ ಎಂದು ನಿಂತ ಮಕ್ಕಳು. ಅವರ ಸುದ್ದಿ ಯಾರೂ ಆಡುವುದಿಲ್ಲ.

ಅವಳಿಗಳ ಅಧ್ಯಯನಗಳು ಇನ್ನೊಂದು ದಾರಿ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳು, ಅಂದರೆ ಜೀನ್‌ಗಳು, ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡದಿಂದ ಹುಟ್ಟಿದವರಲ್ಲಿ ಒಡಹುಟ್ಟಿದವರಲ್ಲಿರುವಷ್ಟೇ ಹೋಲಿಕೆ. ಈ ಎರಡು ಬಗೆಯ ಜೋಡಿಗಳನ್ನು ಎದುರುಬದುರು ಇಟ್ಟು ಲೆಕ್ಕ ಹಾಕುತ್ತಾರೆ. ಹಲವು ದೇಶಗಳ ಅವಳಿ ಮತ್ತು ದತ್ತು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕುಡಿತದ ಚಟದಲ್ಲಿ ವಂಶವಾಹಿಗಳ ಪಾಲು ಸುಮಾರು ಅರ್ಧ ಎಂದು ಬಂತು. ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಸ್ಕಿಜೋಫ್ರೀನಿಯಾ ಎಂಬ ಮನೋರೋಗದಲ್ಲಿ ಈ ಪಾಲು ಇದಕ್ಕಿಂತ ಬಹಳ ಹೆಚ್ಚು, ಖಿನ್ನತೆಯಲ್ಲಿ ಇದಕ್ಕಿಂತ ಕಡಿಮೆ.

ಅರ್ಧ ಎಂದರೆ ಏನು? ನನ್ನ ಕುಡಿತದಲ್ಲಿ ಅರ್ಧ ಲೋಟ ತಾತನದು, ಅರ್ಧ ನನ್ನದು ಎಂದಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಒಂದು ಸಮಾಜದಲ್ಲಿ ಕೆಲವರು ಚಟಕ್ಕೆ ಬೀಳುತ್ತಾರೆ, ಕೆಲವರು ಬೀಳುವುದಿಲ್ಲ. ಆ ವ್ಯತ್ಯಾಸದಲ್ಲಿ ಎಷ್ಟನ್ನು ವಂಶವಾಹಿಗಳ ವ್ಯತ್ಯಾಸದಿಂದ ವಿವರಿಸಬಹುದು ಎಂಬುದಷ್ಟೇ ಅದು. ಹಾಗಾದರೆ ಸಮಾಜ ಬದಲಾದರೆ ಆ ಅಂಕಿಯೂ ಬದಲಾಗಬೇಕಲ್ಲವೇ? ಬದಲಾಗುತ್ತದೆ. ಅದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಸ್ವೀಡನ್ನಿನದು.

ಅಮೆರಿಕದ ಕೆನೆತ್ ಕೆಂಡ್ಲರ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಸ್ವೀಡನ್ನಿನ ಅವಳಿಗಳ ತಂಬಾಕು ಬಳಕೆಯ ಬಗ್ಗೆ ಬರೆದರು. ಗಂಡಸರಲ್ಲಿ ವಂಶವಾಹಿಗಳ ಪಾಲು ಶೇ. 61ರಷ್ಟಿತ್ತು. ಹೆಂಗಸರದು ಬೇರೆಯೇ ಕಥೆ. 1925ಕ್ಕೆ ಮುಂಚೆ ಹುಟ್ಟಿದ ಹೆಂಗಸರಲ್ಲಿ ತಂಬಾಕು ಬಳಸುವವರೇ ಕಡಿಮೆ, ವಂಶವಾಹಿಗಳ ಪಾಲು ಕಾಣಿಸಲೇ ಇಲ್ಲ. 1940ರ ನಂತರ ಹುಟ್ಟಿದ ಹೆಂಗಸರಲ್ಲಿ ಅದು ಶೇ. 63, ಗಂಡಸರಿಗೆ ಸಮ. ಎರಡು ತಲೆಮಾರಿನಲ್ಲಿ ಹೆಂಗಸರ ವಂಶವಾಹಿಗಳು ಬದಲಾಗಲು ಸಾಧ್ಯವೇ? ಇಲ್ಲ. ಹೆಣ್ಣು ಸಿಗರೇಟು ಸೇದಬಾರದು ಎಂಬ ಕಟ್ಟು ಸಡಿಲವಾಯಿತು, ಅಷ್ಟೇ. ಕಟ್ಟು ಬಿಗಿಯಾಗಿದ್ದಾಗ ಒಳಗಿದ್ದ ಒಲವು ಹೊರಗೆ ಬರಲು ದಾರಿಯೇ ಇರಲಿಲ್ಲ.

ಇದನ್ನು ಇಟ್ಟುಕೊಂಡು ನಮ್ಮ ದೇಶವನ್ನು ನೋಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಗಂಡಸರಲ್ಲಿ ಮದ್ಯ ಬಳಸುವವರು ಶೇ. 27.3, ಹೆಂಗಸರಲ್ಲಿ ಶೇ. 1.6. ಅಪ್ಪನ ವಂಶವಾಹಿಗಳು ಮಗನಿಗೆ ಎಷ್ಟು ಬರುತ್ತವೋ ಮಗಳಿಗೂ ಅಷ್ಟೇ ಬರುತ್ತವೆ. ಆದರೂ ಅಣ್ಣ ಬಾರಿನಲ್ಲಿ, ತಂಗಿ ಮನೆಯಲ್ಲಿ. ರಕ್ತವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಆ ತಂಗಿಯ ಬಗ್ಗೆ ಏನು ಹೇಳುತ್ತೀರಿ? ಹೆಣ್ಣುಮಕ್ಕಳನ್ನು ಕಟ್ಟಿಹಾಕಿದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುತ್ತಿಲ್ಲ. ಊರು ಗಂಡಸಿಗೆ ಕುಡಿಯಲು ಕೊಟ್ಟ ಪರವಾನಗಿಯನ್ನು ನಾವು ರಕ್ತದ ಲೆಕ್ಕಕ್ಕೆ ಬರೆಯುತ್ತಿದ್ದೇವೆ ಎಂದು ಹೇಳುತ್ತಿದ್ದೇನೆ.

ಈಗ ಇನ್ನೊಂದು ಪ್ರಶ್ನೆ. ವಂಶದಲ್ಲಿ ಏನೋ ಬರುತ್ತದೆ ಅಂತಾಯಿತು. ಆ ‘ಏನೋ’ ಏನು? ಬಾಟಲಿಯ ಮೇಲಿನ ಆಸೆಯನ್ನು ಯಾರೂ ಹೊತ್ತುಕೊಂಡು ಹುಟ್ಟುವುದಿಲ್ಲ.

ಮೊದಲನೆಯದು ದೇಹ ಮದ್ಯವನ್ನು ಹೇಗೆ ಕರಗಿಸುತ್ತದೆ ಎಂಬುದು. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ, ಆಮೇಲೆ ಎಎಲ್‌ಡಿಎಚ್2 ಎಂಬ ಕಿಣ್ವ ಅದನ್ನು ನಿರುಪದ್ರವಿಯಾಗಿಸುತ್ತದೆ. ಚೀನಾ, ಜಪಾನ್, ಕೊರಿಯಾದ ಬಹಳಷ್ಟು ಜನರಲ್ಲಿ ಈ ಕಿಣ್ವದ ವಂಶವಾಹಿಯಲ್ಲಿ ಒಂದು ಮಾರ್ಪಾಡು ಇದೆ, ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಗುಟುಕಿಗೇ ಮುಖ ಕೆಂಪೇರುತ್ತದೆ, ಎದೆ ಡವಗುಟ್ಟುತ್ತದೆ, ವಾಕರಿಕೆ ಬರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಇದನ್ನು ಪಡೆದವರು ಕುಡಿತದ ಚಟಕ್ಕೆ ಬೀಳುವುದು ಇಲ್ಲವೆನ್ನುವಷ್ಟು ಅಪರೂಪ. ನಮ್ಮ ದಕ್ಷಿಣ ಭಾರತದಲ್ಲಿ ಈ ಮಾರ್ಪಾಡು ಬಹಳ ವಿರಳ, ನಮಗೆ ಈ ರಕ್ಷಣೆ ಇಲ್ಲ.

ಮನೋವೈದ್ಯಕೀಯದಲ್ಲಿ ಒಂದೇ ವಂಶವಾಹಿ ಇಷ್ಟು ಜೋರಾಗಿ ಕೆಲಸ ಮಾಡುವ ಉದಾಹರಣೆ ಸಿಗುವುದೇ ಕಷ್ಟ. ಇಂಥ ಗಟ್ಟಿ ರಕ್ಷಣೆಯೂ ಸಮಾಜದ ಎದುರು ಬಾಗುತ್ತದೆ. ಜಪಾನಿನಲ್ಲಿ ಕುಡಿತದ ರೋಗಿಗಳ ಪೈಕಿ ಈ ಮಾರ್ಪಾಡನ್ನು ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಪಡೆದವರು 1979ರಲ್ಲಿ ಶೇ. 2.5ರಷ್ಟಿದ್ದರು. 1986ರಲ್ಲಿ ಶೇ. 8 ಆಯಿತು, 1992ರಲ್ಲಿ ಶೇ. 13. ಕೆಲಸ ಮುಗಿಸಿ ಮೇಲಧಿಕಾರಿಯ ಜೊತೆ ಕುಡಿಯಲು ಕೂರಲೇಬೇಕಾದ ಸಂಸ್ಕೃತಿಯಲ್ಲಿ ಜನ ವಾಕರಿಕೆಯನ್ನು ಸಹಿಸಿಕೊಂಡೇ ಕುಡಿದರು. ಅಂಥವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು.

ಇಲ್ಲಿ ವಿಷಯ ಸ್ವಲ್ಪ ಬಿಟ್ಟು ಒಂದು ಮಾತು ಹೇಳಲೇಬೇಕು. ಇದೇ ಕಿಣ್ವವನ್ನು ತಡೆಯುವ ಮಾತ್ರೆಯೊಂದಿದೆ, ಡೈಸಲ್ಫಿರಾಮ್. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಇದನ್ನು ಜಂತುಹುಳುವಿನ ಔಷಧಿಯಾಗಬಹುದೇ ಎಂದು ತಮ್ಮ ಮೇಲೆಯೇ ಪರೀಕ್ಷಿಸಿಕೊಳ್ಳುತ್ತಿದ್ದಾಗ, ಮದ್ಯ ಸೇವಿಸಿದ ಕೂಡಲೇ ಮೈ ಕೆಟ್ಟಿತು. ಹಾಗೆ ಗೊತ್ತಾದ ಗುಣ ಇದು. ರೋಗಿಗೆ ತಿಳಿಸಿ, ಅವನು ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಒಳ್ಳೆಯ ಔಷಧಿ. ಆದರೆ ‘ಕುಡುಕರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ನೀವು ಬಸ್ ನಿಲ್ದಾಣದ ಗೋಡೆಗಳ ಮೇಲೆ ನೋಡಿರುತ್ತೀರಿ. ಆ ಪುಡಿಗಳಲ್ಲಿ ಏನಿದೆ ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಮ್ ಅನ್ನೇ ಗುಟ್ಟಾಗಿ ಸಾರಿನಲ್ಲಿ ಬೆರೆಸಿದರೆ, ಗೊತ್ತಿಲ್ಲದೆ ಎಂದಿನಂತೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಬೇಸತ್ತ ಹೆಂಡತಿ ಹತಾಶೆಯಲ್ಲಿ ಇದನ್ನು ಮಾಡುತ್ತಾಳೆ, ಅವಳ ನೋವು ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ.

ವಿಷಯಕ್ಕೆ ಬರೋಣ. ವಂಶದಲ್ಲಿ ಬರುವ ಎರಡನೆಯದನ್ನು ನಮ್ಮವರು ಹೊಗಳುತ್ತಾರೆ. ‘ಅವನಿಗೆ ಕೆಪಾಸಿಟಿ ಇದೆ ಕಣೋ, ಎಷ್ಟು ಕುಡಿದ್ರೂ ಅಲ್ಲಾಡಲ್ಲ’ ಎನ್ನುತ್ತಾರಲ್ಲ, ಅದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾರ್ಕ್ ಶಕಿಟ್ ಎಂಬ ವೈದ್ಯ ಕುಡಿತದ ರೋಗಿಗಳ ಗಂಡುಮಕ್ಕಳನ್ನು, ಅವರಿಗೆ ಸುಮಾರು 20 ವರ್ಷವಿದ್ದಾಗ, ಪ್ರಯೋಗಾಲಯಕ್ಕೆ ಕರೆಸಿ ಅಳತೆ ಮಾಡಿ ಮದ್ಯ ಕೊಟ್ಟರು. ಎಷ್ಟು ಏರಿತು ಎಂದು ಕೇಳಿದರು, ನಿಲ್ಲಿಸಿ ಮೈ ಎಷ್ಟು ತೂಗಾಡುತ್ತದೆ ಎಂದು ಅಳೆದರು. ಸುಮಾರು 10 ವರ್ಷದ ಬಳಿಕ ಅದೇ ಹುಡುಗರನ್ನು ಮತ್ತೆ ಹುಡುಕಿದರು. ಅಂದು ಹೆಚ್ಚು ಏರಿದ್ದವರಲ್ಲಿ ಚಟಕ್ಕೆ ಬಿದ್ದವರು ಶೇ. 14. ಅಷ್ಟಾಗಿ ಏರದೆ ಗಟ್ಟಿಯಾಗಿ ನಿಂತಿದ್ದವರಲ್ಲಿ ಶೇ. 56.

ಯೋಚಿಸಿ ನೋಡಿ. ಸಾಕು ಎಂದು ಮೈ ಹೇಳುವ ಹೊತ್ತಿಗೆ ಬೇರೆಯವರು ಎದ್ದು ಮನೆಗೆ ಹೋಗುತ್ತಾರೆ. ಇವನ ಮೈ ಹೇಳುವುದೇ ಇಲ್ಲ, ಅಥವಾ ತಡವಾಗಿ ಹೇಳುತ್ತದೆ. ಅಷ್ಟರಲ್ಲಿ ಮಿದುಳು ಮತ್ತು ಯಕೃತ್ತು ಪೂರ್ತಿ ಪ್ರಮಾಣವನ್ನು ಉಂಡಿರುತ್ತವೆ. ತಂಬಾಕಿನಲ್ಲಿಯೂ ಇದೇ ಬಗೆಯ ಸಂಗತಿ ಸಿಕ್ಕಿದೆ. 15ನೇ ವರ್ಣತಂತುವಿನಲ್ಲಿರುವ ಸಿಎಚ್‌ಆರ್‌ಎನ್‌ಎ5 ಎಂಬ ವಂಶವಾಹಿಯ ಒಂದು ರೂಪ ಇದ್ದವರು ಹೆಚ್ಚು ಸಿಗರೇಟು ಸೇದುತ್ತಾರೆ ಎಂದು 2008ರಲ್ಲಿ ಗೊತ್ತಾಯಿತು. ಆ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ನೋಡಿದಾಗ, ಅವು ನಿಕೋಟಿನ್ ಪ್ರಮಾಣ ಅತಿಯಾದಾಗಲೂ ನಿಲ್ಲಿಸದೆ ತೆಗೆದುಕೊಳ್ಳುತ್ತಲೇ ಇದ್ದವು. ಅತಿಯಾದಾಗ ಹುಟ್ಟಬೇಕಾದ ಹೇಸಿಗೆ ಅವಕ್ಕೆ ಹುಟ್ಟುತ್ತಿರಲಿಲ್ಲ. ಈ ಸಭೆಯಲ್ಲಿರುವ ಹುಡುಗರು ಇಂದು ಒಂದೇ ಒಂದು ಸಂಗತಿ ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನು ಇಟ್ಟುಕೊಳ್ಳಲಿ: ನಿಮ್ಮ ಮನೆಯಲ್ಲಿ ಕುಡಿತದ ಚರಿತ್ರೆ ಇದ್ದು, ಗೆಳೆಯರು ನಿಮ್ಮ ಕೆಪಾಸಿಟಿ ಹೊಗಳುತ್ತಿದ್ದರೆ, ಅದು ಎಚ್ಚರಿಕೆಯ ಗಂಟೆ.

ಮೂರನೆಯದು ಸ್ವಭಾವ. ಕಿವಿಗೆ ಒಂದೇ ತರಹದ ಸದ್ದು ಕೇಳಿಸುತ್ತ, ನಡುವೆ ಅಪರೂಪಕ್ಕೆ ಬೇರೆ ಸದ್ದು ಕೇಳಿಸಿದರೆ, ಸುಮಾರು 300 ಮಿಲಿಸೆಕೆಂಡಿನ ಹೊತ್ತಿಗೆ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ಅದಕ್ಕೆ ಪಿ300 ಎಂದು ಹೆಸರು. ಕುಡಿತದ ರೋಗಿಗಳ ಗಂಡುಮಕ್ಕಳಲ್ಲಿ, ಅವರು ಇನ್ನೂ ಮದ್ಯ ಮುಟ್ಟಿರದಿದ್ದರೂ, ಈ ಅಲೆ ಗಿಡ್ಡವಾಗಿರುತ್ತದೆ ಎಂದು ಹೆನ್ರಿ ಬೆಗ್ಲೈಟರ್ 1984ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಕುಟುಂಬದಲ್ಲಿ ಕುಡಿತದ ಹೊರೆ ಹೆಚ್ಚಿದಷ್ಟೂ ಅಲೆಯ ಎತ್ತರ ಕಡಿಮೆ. ಆದರೆ ಈ ಗಿಡ್ಡ ಅಲೆ ಕುಡಿತಕ್ಕೇ ಮೀಸಲಾದ ಗುರುತಲ್ಲ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಇರುವ ಮಕ್ಕಳಲ್ಲಿ, ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಕೂಡ ಕಂಡಿದೆ. ಅಂದರೆ ವಂಶದಲ್ಲಿ ಹರಿದು ಬರುವುದು ಕುಡಿತಕ್ಕಿಂತ ಅಗಲವಾದದ್ದು. ತಡೆದುಕೊಳ್ಳಲಾಗದ ಆತುರ, ಈಗಲೇ ಬೇಕೆನ್ನುವ ಚಡಪಡಿಕೆ, ಅಪಾಯದ ಕಡೆ ಸೆಳೆತ. ಅಂಥ ಹುಡುಗ ಮೂರನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂರಲಾಗದೆ ಏಟು ತಿನ್ನುತ್ತಾನೆ. ಹದಿನಾಲ್ಕಕ್ಕೆ ಗುಟ್ಕಾ, ಹದಿನೇಳಕ್ಕೆ ಕ್ವಾರ್ಟರ್. ಮೂರನೇ ಕ್ಲಾಸಿನಲ್ಲಿ ಅವನನ್ನು ತುಂಟ, ದಡ್ಡ ಎಂದು ಬಿಟ್ಟೆವಲ್ಲ, ಅಲ್ಲಿ ನಾವು ಸೋತಿರುತ್ತೇವೆ. ಎಡಿಎಚ್‌ಡಿಗೆ ಚಿಕಿತ್ಸೆ ಇದೆ.

ಮನೋರೋಗ ಮತ್ತು ಚಟಗಳನ್ನು ನಾವು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದ್ದೇವೆ. ಕುಟುಂಬಗಳು ಹಾಗೆ ಇಟ್ಟಿಲ್ಲ. ಅಣ್ಣನಿಗೆ ಉನ್ಮಾದ ಖಿನ್ನತೆಗಳು ಬಂದು ಹೋಗುವ ಬೈಪೋಲಾರ್ ಕಾಯಿಲೆ, ತಮ್ಮನಿಗೆ ಕುಡಿತ, ಸೋದರತ್ತೆಗೆ ಸ್ಕಿಜೋಫ್ರೀನಿಯಾ, ಇಂಥ ಮನೆಗಳನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. 2016ರಿಂದ ನಿಮ್ಹಾನ್ಸ್ ಮತ್ತು ಬೆಂಗಳೂರಿನವೇ ಆದ ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳು ಕೂಡಿ ಒಂದಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಇರುವ ಇಂಥ ಕುಟುಂಬಗಳನ್ನೇ ಅಧ್ಯಯನಕ್ಕೆ ತೆಗೆದುಕೊಂಡವು. ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ಕಾಯಿಲೆ, ಮರೆವಿನ ಕಾಯಿಲೆಗಳ ಜೊತೆಗೆ ಚಟವನ್ನೂ ಸೇರಿಸಿಕೊಂಡವು. ಆ ಕುಟುಂಬದವರ ರಕ್ತದ ಕಣಗಳಿಂದ, ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶ ಬೆಳೆಸಿ, ಅದರಿಂದ ನರಕೋಶ ಮಾಡಿ ನೋಡುವ ಕೆಲಸ ಅದು. ಲಕ್ಷಾಂತರ ಜನರ ವಂಶವಾಹಿಗಳನ್ನು ಪರೀಕ್ಷಿಸಿದ ಹೊರದೇಶಗಳ ಅಧ್ಯಯನಗಳು ಇನ್ನೊಂದು ಸೂಕ್ಷ್ಮವನ್ನು ತೋರಿಸಿವೆ. ಒಬ್ಬರು ಎಷ್ಟು ಕುಡಿಯುತ್ತಾರೆ ಎಂಬುದರ ಹಿಂದಿನ ವಂಶವಾಹಿಗಳೂ ಚಟಕ್ಕೆ ಬೀಳುವುದರ ಹಿಂದಿನ ವಂಶವಾಹಿಗಳೂ ಪೂರ್ತಿ ಒಂದೇ ಅಲ್ಲ. ಖಿನ್ನತೆ, ಸ್ಕಿಜೋಫ್ರೀನಿಯಾ, ಎಡಿಎಚ್‌ಡಿಗಳ ಜೊತೆ ನಂಟು ಗಟ್ಟಿಯಾಗಿ ಕಾಣುವುದು ಚಟದ ಕಡೆಗೆ.

ಗಾಂಜಾ ಬಗ್ಗೆ ಇಲ್ಲಿ ಹೇಳಬೇಕು, ಕಾಲೇಜಿನ ಮಕ್ಕಳು ‘ಅದು ಗಿಡಮೂಲಿಕೆ ತಾನೇ’ ಎನ್ನುತ್ತಾರೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಕರೆಬಂದ 45,570 ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಬಂತು. 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೀನಿಯಾ ಆರು ಪಟ್ಟು ಹೆಚ್ಚು ಕಂಡಿತು. ಇದರಲ್ಲಿ ಒಂದು ಭಾಗ, ಕಾಯಿಲೆಯ ಒಲವು ಇರುವವರೇ ಗಾಂಜಾದ ಕಡೆ ಹೆಚ್ಚು ವಾಲುತ್ತಾರೆ ಎಂಬುದರಿಂದ ಬಂದದ್ದು. ಉಳಿದ ಭಾಗದಲ್ಲಿ ಗಾಂಜಾದ ಪಾಲೂ ಇರಬಹುದು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಆ ಮನೆಯ ಮಗುವಿಗೆ ಗಾಂಜಾ ಒಂದು ಪ್ರಯೋಗದ ವಸ್ತುವಾಗಬಾರದು. ಇದನ್ನು ಮಗುವಿಗೆ ಬಿಡಿಸಿ ಹೇಳಬೇಕು. ಕಾಯಿಲೆಯನ್ನು ಮುಚ್ಚಿಟ್ಟ ಮನೆಯಲ್ಲಿ ಯಾರು ಹೇಳುತ್ತಾರೆ?

‘ಡಾಕ್ಟ್ರೇ, ಹಾಗಾದರೆ ಒಂದು ಟೆಸ್ಟ್ ಮಾಡಿಸಿಬಿಡೋಣವೇ?’ ಎಂದು ಓದಿದವರು ಕೇಳುತ್ತಾರೆ. 1990ರಲ್ಲಿ ಡಿಆರ್‌ಡಿ2 ಎಂಬ ವಂಶವಾಹಿಯೇ ಕುಡಿತದ ವಂಶವಾಹಿ ಎಂಬ ದೊಡ್ಡ ಸುದ್ದಿ ಬಂದಿತ್ತು. ಅದಕ್ಕೆ ಆಧಾರ, ತೀರಿಕೊಂಡ 35 ಕುಡಿತದ ರೋಗಿಗಳ ಮತ್ತು 35 ಇತರರ ಮಿದುಳು. ಅದೇ ವರ್ಷ ಇನ್ನೊಂದು ತಂಡ ನೋಡಿದಾಗ ಆ ನಂಟು ಕಾಣಲಿಲ್ಲ. ಒಂದು ವಂಶವಾಹಿ, ಒಂದು ಚಟ ಎಂಬ ಆಸೆ ಹಾಗೆ ಮುರಿಯಿತು. 2019ರಲ್ಲಿ 12 ಲಕ್ಷ ಜನರನ್ನು ನೋಡಿದ ಅಧ್ಯಯನ ತಂಬಾಕು ಮತ್ತು ಮದ್ಯಕ್ಕೆ ಸಂಬಂಧಿಸಿದ 400ಕ್ಕೂ ಹೆಚ್ಚು ತಾಣಗಳನ್ನು ವರ್ಣತಂತುಗಳಲ್ಲಿ ಗುರುತಿಸಿತು. ಹನಿ ಹನಿ ಕೂಡಿ ಹಳ್ಳವಾದ ಹಾಗೆ, ಒಂದೊಂದರ ಪರಿಣಾಮ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. ಎಲ್ಲವನ್ನೂ ಕೂಡಿ ಅಂಕ ಹಾಕಿದರೂ ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವ ಶಕ್ತಿ ಅದಕ್ಕಿಲ್ಲ. ಮೇಲಾಗಿ, ಆ ಜನರಲ್ಲಿ ಬಹುಪಾಲು ಯುರೋಪ್ ಮೂಲದವರು. ಅವರ ಲೆಕ್ಕವನ್ನು ರಾಯಚೂರಿನ ಹುಡುಗನ ಮೇಲೆ ಹೇರಲಾಗದು. ನಮ್ಮ ಮಕ್ಕಳ ಬಗ್ಗೆ ತಿಳಿಯಲೆಂದೇ ಬೆಂಗಳೂರು, ಮೈಸೂರು ಸೇರಿ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು 10,000 ಜನರನ್ನು ಗಮನಿಸುವ ಸಿ-ವೇದಾ ಎಂಬ ಅಧ್ಯಯನ ಶುರುವಾಯಿತು. ಸದ್ಯಕ್ಕೆ ನಿಮಗೆ ಬೇಕಾದ ಪರೀಕ್ಷೆ ದುಡ್ಡಿಲ್ಲದೆ ಆಗುತ್ತದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರಿಗೆ ಏನಾಗಿತ್ತು ಎಂದು ಕೇಳಿ. ಅಮ್ಮನ ಕಡೆಯದನ್ನೂ ಕೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಕೇಳಿ ತಿಳಿದ ಮೇಲೆ ಮಾಡಬೇಕಾದದ್ದು ಇದೆ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 15 ವರ್ಷಕ್ಕಿಂತ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಶೇ. 40ರಷ್ಟು ಮಂದಿ ಮುಂದೆ ಎಂದಾದರೂ ಚಟಕ್ಕೆ ಸಿಲುಕಿದ್ದರು. 20 ದಾಟಿ ಶುರುಮಾಡಿದವರಲ್ಲಿ ಅದು ಶೇ. 10. ಬೇಗ ಶುರುಮಾಡುವುದರಲ್ಲಿ ಆಗಲೇ ಹೇಳಿದ ಆತುರದ ಸ್ವಭಾವದ ಪಾಲೂ ಇದೆ, ಒಪ್ಪುತ್ತೇನೆ. ಆದರೂ ಹಬ್ಬದ ದಿನ ಹತ್ತು ವರ್ಷದ ಹುಡುಗನ ಬಾಯಿಗೆ ಒಂದು ಗುಟುಕು ಹಾಕಿ ನಗುವುದು, ಬೀಡಿ ಕಟ್ಟು ತರಲು ಅವನನ್ನೇ ಅಂಗಡಿಗೆ ಕಳಿಸುವುದು, ಇವು ರಕ್ತದಿಂದ ಬಂದವಲ್ಲ. ಇವನ್ನು ನಾಳೆಯೇ ನಿಲ್ಲಿಸಬಹುದು. ಮಗನಿಗೆ ಹೇಳಿದ್ದನ್ನು ಮಗಳಿಗೂ ಹೇಳಿ. ನಗರಗಳಲ್ಲಿ ಅವಳ ಮೇಲಿನ ಕಟ್ಟುಗಳು ಸಡಿಲವಾಗುತ್ತಿವೆ. ಸ್ವೀಡನ್ನಿನ ಹೆಂಗಸರಿಗೆ ಆದದ್ದು ಅವಳಿಗೂ ಆಗಬಹುದು.

ಈಗಾಗಲೇ ಚಟಕ್ಕೆ ಬಿದ್ದವರ ಬಗ್ಗೆ. ವಂಶದಲ್ಲಿ ಇದ್ದರೆ ಚಿಕಿತ್ಸೆ ನಾಟುವುದಿಲ್ಲ ಎಂಬುದು ಸುಳ್ಳು. ನಾಲ್‌ಟ್ರೆಕ್ಸೋನ್ ಎಂಬ ಮಾತ್ರೆ ಕೆಲವು ಅಧ್ಯಯನಗಳಲ್ಲಿ ಕುಟುಂಬದ ಚರಿತ್ರೆ ಇದ್ದವರಿಗೇ ಹೆಚ್ಚು ನೆರವಾಗಿದೆ. ದಿನವೂ ಹೆಚ್ಚಾಗಿ ಕುಡಿಯುವವರು ಮಾತ್ರ ಹರಕೆ ಹೊತ್ತು ಮನೆಯಲ್ಲೇ ಥಟ್ಟನೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಗಾಳಿ ಮೆಟ್ಟಿದೆ ಎಂದು ಮಂತ್ರ ಹಾಕಿಸಲು ಹೋದರೆ ಜೀವ ಹೋಗುತ್ತದೆ, ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಕೊನೆಗೆ, ಇಂಥ ಉಪನ್ಯಾಸಗಳ ನಂತರ ಜನ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಕೊಡುತ್ತೇನೆ. ‘ಹುಡುಗನ ಅಪ್ಪ ಕುಡಿದು ಸತ್ತವರು, ಆ ಮನೆಗೆ ಹೆಣ್ಣು ಕೊಡಬಹುದಾ?’ ಅಪ್ಪನ ಬಗ್ಗೆ ವಿಚಾರಿಸಿದ್ದೀರಿ. ಹುಡುಗನ ಬಗ್ಗೆ ವಿಚಾರಿಸಿದಿರಾ? ಅವನು ಕುಡಿಯುತ್ತಾನೆಯೇ, ಎಷ್ಟನೇ ವಯಸ್ಸಿನಿಂದ, ಸಿಟ್ಟು ಬಂದಾಗ ಏನು ಮಾಡುತ್ತಾನೆ, ಅಪ್ಪನ ಕುಡಿತದ ಬಗ್ಗೆ ನಿಮ್ಮ ಮಗಳ ಹತ್ತಿರ ಮುಚ್ಚುಮರೆಯಿಲ್ಲದೆ ಮಾತಾಡುತ್ತಾನೆಯೇ? ಅವನು ಬಾಟಲಿ ಮುಟ್ಟದೆ ಇಪ್ಪತ್ತೆಂಟು ದಾಟಿದವನಾದರೆ, ಅಪಾಯದ ಹೆಚ್ಚಿನ ಪಾಲನ್ನು ಅವನಾಗಲೇ ಹಿಂದೆ ಹಾಕಿದ್ದಾನೆ. ನಿಮ್ಮ ಮಗಳು ಒಪ್ಪಿದ್ದರೆ ಕೊಡಿ.